ತೂಕ ಹಾಗೇ ಇದೆ, ಹೊಟ್ಟೆ ಮಾತ್ರ ಬಂದಿದೆ. ಎಲ್ಲಿಂದ ಶುರು ಮಾಡಲಿ?

ನಿಧಾನ ನಡಿಗೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ 44 ವರ್ಷ. ಎತ್ತರ 170 ಸೆಂ.ಮೀ., ತೂಕ 69 ಕೆ.ಜಿ. ಹತ್ತು ವರ್ಷದಿಂದ ತೂಕ ಒಂದೆರಡು ಕೆ.ಜಿ. ಹೆಚ್ಚು ಕಡಿಮೆ ಆಗಿರಬಹುದು, ಅಷ್ಟೇ. ಹಾಗಾಗಿ ನಾನು ಚೆನ್ನಾಗಿದ್ದೇನೆ ಅಂತಲೇ ನಂಬಿದ್ದೆ. ಆದರೆ ಪ್ಯಾಂಟಿನ ಸೈಜು ಮಾತ್ರ 32ರಿಂದ 36ಕ್ಕೆ ಬಂದಿದೆ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 112, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) 6.1, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 210, ಬಿಪಿ 134/86. ಡಾಕ್ಟರು ಟೇಪು ಹಿಡಿದು ಹೊಟ್ಟೆ ಅಳೆದರು. 97 ಸೆಂ.ಮೀ. "ತೂಕ ಬಿಡಿ, ಇದನ್ನು ನೋಡಿ. ಡಯಾಬಿಟಿಸ್ ಇನ್ನೂ ಬಂದಿಲ್ಲ, ಆದರೆ ಆ ದಾರಿಯಲ್ಲೇ ಇದ್ದೀರಿ" ಅಂದರು.

ನನ್ನ ದಿನ ಹೇಗಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಕೆಲಸ. ಐದು ಸಲ ಟೀ, ಪ್ರತಿ ಸಲ ಎರಡು ಚಮಚ ಸಕ್ಕರೆ. ರಾತ್ರಿ ಊಟ ಹತ್ತೂವರೆಗೆ. ಮಲಗುವುದು ಒಂದು ಗಂಟೆಗೆ, ಏಳುವುದು ಆರಕ್ಕೆ. ಶನಿವಾರ ಭಾನುವಾರ ಗೆಳೆಯರ ಜೊತೆ ಕುಡಿಯುತ್ತೇನೆ. ವ್ಯಾಯಾಮ ಅಂತ ಏನೂ ಇಲ್ಲ. ಅಪ್ಪನಿಗೆ 58ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಅದನ್ನು ನೆನೆಸಿಕೊಂಡರೆ ನಿಜವಾಗಿ ಭಯ ಆಗುತ್ತದೆ.

ತೂಕ ಏರದೆ ಹೊಟ್ಟೆ ಹೇಗೆ ಬಂತು? ಇಷ್ಟರಲ್ಲಿ ಮೊದಲು ಯಾವುದನ್ನು ಬದಲಾಯಿಸಲಿ? ಎಲ್ಲವನ್ನೂ ಒಟ್ಟಿಗೆ ಮಾಡಲು ಹೋದರೆ ಹದಿನೈದು ದಿನದಲ್ಲಿ ಬಿಟ್ಟುಬಿಡುತ್ತೇನೆ, ನನಗೆ ಗೊತ್ತು.

ವಾರ್ಡ್ ಅಕ್ಕ

ಹೆದರಬೇಡಿ ಅಣ್ಣ. ಸರಿಯಾದ ಹೊತ್ತಿಗೆ ಗೊತ್ತಾಗಿದೆ. ನಾನು 19 ವರ್ಷದಿಂದ ನರ್ಸ್ ಕೆಲಸದಲ್ಲಿದ್ದೇನೆ. ನಿಮ್ಮಂಥ ರಿಪೋರ್ಟ್ ಇಟ್ಟುಕೊಂಡು ಐದಾರು ವರ್ಷ ಸುಮ್ಮನಿದ್ದು ಆಮೇಲೆ ಬಂದವರನ್ನೇ ಜಾಸ್ತಿ ನೋಡಿದ್ದೇನೆ.

ಹೊಟ್ಟೆಯಲ್ಲಿ ಎರಡು ಥರದ ಕೊಬ್ಬು ಇರುತ್ತದೆ. ಒಂದು ಚರ್ಮದ ಕೆಳಗಿನದು, ಬೆರಳಲ್ಲಿ ಚಿವುಟಿದರೆ ಕೈಗೆ ಸಿಗುತ್ತದೆ. ಇನ್ನೊಂದು ಸ್ನಾಯುಗಳ ಗೋಡೆಯ ಹಿಂದೆ, ಕರುಳಿನ ಸುತ್ತ, ಲಿವರಿನ ಪಕ್ಕ ಕೂರುವುದು. ಅದು ಕೈಗೆ ಸಿಗಲ್ಲ. ಕಾಟ ಕೊಡುವುದು ಮುಖ್ಯವಾಗಿ ಈ ಒಳಕೊಬ್ಬು. ಇದರ ಬಹುಪಾಲು ರಕ್ತ ನೇರವಾಗಿ ಲಿವರಿಗೆ ಹೋಗುತ್ತದೆ. ಜೊತೆಗೆ ಕೊಬ್ಬಿನಾಮ್ಲ ಹೋಗುತ್ತದೆ, ಉರಿಯೂತ ತರುವ ರಾಸಾಯನಿಕಗಳೂ ಹೋಗುತ್ತವೆ. ಲಿವರಿನಲ್ಲಿ ಕೊಬ್ಬು ಸೇರುತ್ತದೆ. ಶುಗರ್ ಇಳಿಸುವ ಹಾರ್ಮೋನು ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳಲ್ಲ. ಆಗ ಶುಗರ್ ಏರುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಬಿಪಿಯೂ ಏರುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಇವುಗಳಲ್ಲಿ ಹೆಚ್ಚಿನವು ಒಟ್ಟಿಗೆ ಕಾಣುತ್ತಿರುವುದು ಅದಕ್ಕೇ. ಹೊಟ್ಟೆಯ ಸುತ್ತಳತೆ, ಬಿಪಿ, ಶುಗರ್, ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟ್ರಾಲ್, ಈ ಐದರಲ್ಲಿ ಮೂರು ಕೆಟ್ಟರೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ನಿಮಗೆ ಈಗಲೇ ನಾಲ್ಕು ಇವೆ.

ಅಳತೆಯ ಲೆಕ್ಕ ಇದು. ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರ ಬೇಕು. ಯುರೋಪ್ ಮೂಲದ ಗಂಡಸರಿಗೆ ಅದೇ ಗೆರೆ 94. ಇಷ್ಟೆಲ್ಲ ನೆನಪಿರದಿದ್ದರೆ ಒಂದು ದಾರ ತಗೊಳ್ಳಿ. ನಿಮ್ಮ ಎತ್ತರದಷ್ಟು ಕತ್ತರಿಸಿ ಅರ್ಧಕ್ಕೆ ಮಡಚಿ. ಅದು ಹೊಟ್ಟೆ ಸುತ್ತಿ ಬರಬೇಕು. 170 ಎತ್ತರದ ನಿಮಗೆ 85.

ಅಳೆಯುವಾಗ ಬೆಲ್ಟ್ ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಿನ ಅಂಚಿಗೂ ನಡುವೆ ಟೇಪು ಇಡಿ. ಬಟ್ಟೆ ಸರಿಸಿ, ಆರಾಮಾಗಿ ಉಸಿರು ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ.

ಛಲಗಾರ

ಬ್ರೋ, ದಿನಾ 200 ಕ್ರಂಚಸ್ ಹೊಡೀರಿ. ಎರಡು ತಿಂಗಳಲ್ಲಿ ಹೊಟ್ಟೆ ಮಾಯ.

ತರಬೇತಿ ಮನೆ

ಛಲಗಾರ, ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ, ಆದರೆ ಅದು ಆಗಲ್ಲ. ನಾನು ಜಿಮ್‌ನಲ್ಲಿ ಕಲಿಸುವವನು. ಈ ಒಂದು ಮಾತು ನಂಬಿ ಬಂದು, ಫಲ ಸಿಗದೆ ಬೇಜಾರಾಗಿ ಹೋದವರನ್ನು ಲೆಕ್ಕ ಇಟ್ಟಿಲ್ಲ.

ಹೊಟ್ಟೆಯ ಸ್ನಾಯು ದುಡಿದರೆ ಅದರ ಮೇಲಿರುವ ಕೊಬ್ಬೇ ಕರಗುತ್ತದೆ ಅಂತ ಇಲ್ಲ. ದೇಹ ಕೊಬ್ಬನ್ನು ತನಗೆ ಬೇಕಾದ ಕಡೆಯಿಂದ ತೆಗೆಯುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಂದ ಆರು ವಾರ ಬರೀ ಹೊಟ್ಟೆಯ ವ್ಯಾಯಾಮ ಮಾಡಿಸಿ ನೋಡಿದ್ದರು. ಹೊಟ್ಟೆಯ ಸ್ನಾಯು ಗಟ್ಟಿಯಾಯಿತು. ಕೊಬ್ಬು ಇದ್ದಷ್ಟೇ ಇತ್ತು.

ಇದಕ್ಕಿಂತ ನನ್ನ ಕಣ್ಣು ತೆರೆಸಿದ್ದು 2004ರ ಇನ್ನೊಂದು ಅಧ್ಯಯನ. ಬೊಜ್ಜಿದ್ದ 15 ಹೆಂಗಸರಿಗೆ ಲೈಪೊಸಕ್ಷನ್ ಮಾಡಿ ಹೊಟ್ಟೆಯ ಚರ್ಮದ ಕೆಳಗಿನ ಕೊಬ್ಬನ್ನು ಸುಮಾರು 10 ಕೆ.ಜಿ.ಯಷ್ಟು ತೆಗೆದರು. ಮೂರು ತಿಂಗಳ ಹತ್ತಿರ ಹತ್ತಿರ ಬಂದಾಗ ಪರೀಕ್ಷೆ ಮಾಡಿದರೆ ಬಿಪಿ ಅಷ್ಟೇ, ಕೊಲೆಸ್ಟ್ರಾಲ್ ಅಷ್ಟೇ, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿಯೂ ಮೊದಲಿನಂತೆಯೇ. ಯಾಕಂದ್ರೆ ಅಕ್ಕ ಹೇಳಿದ ಒಳಕೊಬ್ಬನ್ನು ಯಾರೂ ಮುಟ್ಟಿರಲಿಲ್ಲ. ಅದೇ 10 ಕೆ.ಜಿ. ನಡೆದು, ಊಟ ತಿದ್ದಿ ಇಳಿಸಿದ್ದರೆ ಇವೆಲ್ಲ ಸುಧಾರಿಸುತ್ತಿದ್ದವು.

ಇನ್ನು ತೂಕ ಏರದೆ ಹೊಟ್ಟೆ ಹೇಗೆ ಬಂತು ಅನ್ನುವ ಪ್ರಶ್ನೆ. ಮೂವತ್ತು ದಾಟಿದ ಮೇಲೆ ಸ್ನಾಯುವಿಗೆ ಕೆಲಸ ಕೊಡದಿದ್ದರೆ ಅದು ವರ್ಷ ವರ್ಷ ಸ್ವಲ್ಪ ಕರಗುತ್ತದೆ. ಆ ಜಾಗದಲ್ಲಿ ಕೊಬ್ಬು ತುಂಬುತ್ತದೆ. ತಕ್ಕಡಿಗೆ ಎರಡೂ ಒಂದೇ. ನಿಮ್ಮ ತೊಡೆ, ತೋಳು ಹತ್ತು ವರ್ಷದ ಹಿಂದಿನಷ್ಟೇ ದಪ್ಪ ಇವೆಯಾ? ಹಳೇ ಫೋಟೋ ತೆಗೆದು ನೋಡಿ.

ಒಳ್ಳೆಯ ಸುದ್ದಿಯೂ ಇದೆ. ವ್ಯಾಯಾಮ ಮಾಡಿದರೆ ಮೊದಲು ಕರಗುವುದರಲ್ಲಿ ಈ ಒಳಕೊಬ್ಬೂ ಒಂದು. ತೂಕ ಒಂದು ಕೆ.ಜಿ. ಇಳಿಯದಿದ್ದರೂ ಅದು ಕಡಿಮೆ ಆಗುವುದನ್ನು ಸ್ಕ್ಯಾನ್‌ಗಳಲ್ಲಿ ನೋಡಿದ್ದಾರೆ. ಆದ್ದರಿಂದ ತಕ್ಕಡಿ ಕದಲಲಿಲ್ಲ ಅಂತ ನಡಿಗೆ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ, ಮಾತಾಡಬಹುದು ಆದರೆ ಹಾಡಲು ಆಗದಷ್ಟು ಬಿರುಸಿನ ನಡಿಗೆ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುವಿನ ಕೆಲಸ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ಪುಶ್ ಅಪ್, ಭಾರ ಎತ್ತುವುದು, ಯಾವುದಾದರೂ ಸರಿ. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ವಿಷಯದಲ್ಲಿ ಅದೇ ಬಹಳ ಮುಖ್ಯ.

ಹಳೇ ಪುಟಗಳು

ಕುರ್ಚಿಯ ಮಾತು ಬಂದಿದ್ದಕ್ಕೆ ಇದನ್ನು ಹೇಳಲೇಬೇಕು ಅನ್ನಿಸಿತು. ನನಗೆ ಬಹಳ ಇಷ್ಟವಾದ ಸಂಗತಿ.

ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಅಂತ ಒಬ್ಬ ವೈದ್ಯರಿದ್ದರು. ಆಗ ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಒಂದೇ ಸಂಸ್ಥೆ, ಒಂದೇ ಬಸ್ಸು. 1953ರಲ್ಲಿ ಮಾರಿಸ್ ಮತ್ತು ಜೊತೆಗಾರರು ತೋರಿಸಿದ್ದು ಏನೆಂದರೆ, ಕಂಡಕ್ಟರುಗಳಿಗೆ ಡ್ರೈವರುಗಳಿಗಿಂತ ಹೃದಯದ ಕಾಯಿಲೆ ಸ್ಪಷ್ಟವಾಗಿ ಕಡಿಮೆ. ಬಂದರೂ ಅದು ಅಷ್ಟು ಜೋರಾಗಿರುತ್ತಿರಲಿಲ್ಲ.

ಮೂರು ವರ್ಷ ಬಿಟ್ಟು ಅವರು ಇನ್ನೊಂದು ಕೆಲಸ ಮಾಡಿದರು. ಇದೇ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರು. ವಯಸ್ಸಿಗೆ ವಯಸ್ಸು ಹೋಲಿಸಿದರೆ ಡ್ರೈವರುಗಳ ಪ್ಯಾಂಟಿನ ಸೊಂಟ ದೊಡ್ಡದು. ಎಳೆಯ ವಯಸ್ಸಿನ ಡ್ರೈವರುಗಳದ್ದೂ ದೊಡ್ಡದೇ. ಹಾಗಾದರೆ ಕೂತು ಹೊಟ್ಟೆ ಬಂತಾ, ಇಲ್ಲ ಹೊಟ್ಟೆ ಇದ್ದವರೇ ಡ್ರೈವರ್ ಕೆಲಸಕ್ಕೆ ಹೋದರಾ? ಈ ಪ್ರಶ್ನೆಯನ್ನು ಅವರು ಮುಚ್ಚಿಡಲಿಲ್ಲ. ಆಮೇಲೆ ಬೇರೆ ಬೇರೆ ಕೆಲಸದವರ ಮೇಲೆ ನಡೆದ ಅಧ್ಯಯನಗಳು ದೈಹಿಕ ಚಟುವಟಿಕೆಯ ಪಾಲು ನಿಜ ಅಂತ ಮತ್ತೆ ಮತ್ತೆ ತೋರಿಸಿವೆ. ನಿಮ್ಮ ಪೋಸ್ಟಿನಲ್ಲಿ 32ರಿಂದ 36 ಅಂತ ಓದಿದ ಕೂಡಲೇ ನನಗೆ ಆ ಪ್ಯಾಂಟುಗಳು ನೆನಪಾದವು.

ರಾತ್ರಿಪಾಳಿ

ಎಲ್ಲರೂ ನಡಿಗೆ ಅನ್ನುತ್ತಿದ್ದೀರಿ. ಅವರು ಐದೇ ಗಂಟೆ ಮಲಗುತ್ತಾರೆ ಅನ್ನುವುದನ್ನು ಯಾರೂ ಹಿಡಿಯಲಿಲ್ಲ, ಅಲ್ವಾ?

ನಾನು ಎಂಟು ವರ್ಷ ರಾತ್ರಿ ಪಾಳಿ ಮಾಡಿದವಳು. ಊಟ ಅಳತೆಯಲ್ಲೇ ಇದೆ ಅಂದುಕೊಂಡಿದ್ದೆ. ಆಮೇಲೆ ಬರೆದಿಟ್ಟು ನೋಡಿದರೆ, ನಿದ್ದೆ ಕೆಟ್ಟ ದಿನ ಬೆಳಗಿನ ಜಾವ ನಾನು ತಿನ್ನುತ್ತಿದ್ದುದೇ ಬೇರೆ ಲೆಕ್ಕ. ಸಿಹಿ, ಕರಿದದ್ದು, ಕೈಗೆ ಸಿಕ್ಕಿದ್ದು.

ಅಮೆರಿಕದ ಮೇಯೋ ಕ್ಲಿನಿಕ್‌ನವರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಬೊಜ್ಜಿಲ್ಲದ, ಆರೋಗ್ಯವಾಗಿದ್ದ 12 ಜನರನ್ನು ಅಲ್ಲೇ ಇರಿಸಿಕೊಂಡು, ಎರಡು ವಾರ ರಾತ್ರಿಗೆ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟರು. ಇನ್ನೊಂದು ಸಲ ಅದೇ ಜನರಿಗೆ ಒಂಬತ್ತು ಗಂಟೆ ಕೊಟ್ಟರು. ಊಟ ಅವರವರ ಇಷ್ಟ. ನಿದ್ದೆ ಕಡಿಮೆ ಆದಾಗ ದಿನಕ್ಕೆ 300 ಕ್ಯಾಲೊರಿಗಿಂತ ಜಾಸ್ತಿ ತಿಂದರು. ತೂಕ ಏರಿದ್ದು ಅರ್ಧ ಕೆ.ಜಿ. ಅಷ್ಟೇ. ಆದರೆ ಸಿಟಿ ಸ್ಕ್ಯಾನ್‌ನಲ್ಲಿ ಒಳಕೊಬ್ಬು ಸುಮಾರು 11% ಹೆಚ್ಚಾಗಿತ್ತು. ಎರಡೇ ವಾರದಲ್ಲಿ! ಆಮೇಲೆ ಕೆಲವು ದಿನ ಚೆನ್ನಾಗಿ ಮಲಗಿದರೂ ಅದು ತಕ್ಷಣ ಇಳಿಯಲಿಲ್ಲ.

ತಕ್ಕಡಿ ನೋಡಿದ್ದರೆ ಅವರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅಣ್ಣ, ನೀವು ಹನ್ನೊಂದೂವರೆಗೆ ಫೋನ್ ಬೇರೆ ಕೋಣೆಯಲ್ಲಿಟ್ಟು ಮಲಗಿ. ಗೊರಕೆ ಜೋರಾಗಿದ್ದರೆ, ಬೆಳಿಗ್ಗೆ ಎದ್ದಾಗ ತಲೆ ಭಾರ ಇದ್ದರೆ ಡಾಕ್ಟರಿಗೆ ಹೇಳಿ. ಹೊಟ್ಟೆ ಬಂದವರಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಜಾಸ್ತಿ. ಅದು ಬಿಪಿಯನ್ನೂ ಏರಿಸುತ್ತದೆ.

ಅಡುಗೆಮನೆ ಲೆಕ್ಕ

ನನಗೆ ಮೊದಲು ಕಂಡಿದ್ದು ಟೀ. ಐದು ಸಲ, ಎರಡೆರಡು ಚಮಚ. ಚಮಚಕ್ಕೆ ನಾಲ್ಕು ಗ್ರಾಂ ಅಂತ ಇಟ್ಟರೂ 40 ಗ್ರಾಂ ಸಕ್ಕರೆ, ಅದೂ ಊಟ ತಿಂಡಿ ಬಿಟ್ಟು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಸುಮಾರು 50 ಗ್ರಾಂ. 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಹಣ್ಣಿನ ರಸದ ಸಕ್ಕರೆಯೂ ಈ ಲೆಕ್ಕಕ್ಕೇ ಬರುತ್ತದೆ. ಇಡೀ ಹಣ್ಣು ಬರಲ್ಲ.

ಕುಡಿಯುವ ಸಕ್ಕರೆ ಹೊಟ್ಟೆ ತುಂಬಿಸಲ್ಲ. ಡೆನ್ಮಾರ್ಕಿನಲ್ಲಿ ತೂಕ ಜಾಸ್ತಿ ಇದ್ದವರನ್ನು ನಾಲ್ಕು ಗುಂಪು ಮಾಡಿ, ಆರು ತಿಂಗಳು ದಿನಕ್ಕೊಂದು ಲೀಟರ್ ಸಕ್ಕರೆ ಕೋಲಾ, ಹಾಲು, ಡಯಟ್ ಕೋಲಾ ಅಥವಾ ನೀರು ಕೊಟ್ಟು ನೋಡಿದರು. ಮೈಯ ಒಟ್ಟು ಕೊಬ್ಬಿನಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಲಿವರಿನ ಕೊಬ್ಬು, ಹೊಟ್ಟೆಯ ಒಳಕೊಬ್ಬು ಮಾತ್ರ ಸಕ್ಕರೆ ಕೋಲಾ ಕುಡಿದವರಲ್ಲಿ ಜಾಸ್ತಿಯಾಗಿತ್ತು. ಎಷ್ಟು ಅನ್ನುವುದರ ಜೊತೆಗೆ ಯಾವುದು ಅನ್ನುವುದೂ ಮುಖ್ಯ.

ಕುಡಿತದ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಲ್ಕೊಹಾಲ್ ಗ್ರಾಂಗೆ 7 ಕ್ಯಾಲೊರಿ. ಸಕ್ಕರೆಗೆ 4, ಕೊಬ್ಬಿಗೆ 9. ಅದು ಒಳಗಿರುವಷ್ಟು ಹೊತ್ತು ಲಿವರ್ ಅದನ್ನೇ ಮೊದಲು ಸುಡುತ್ತದೆ, ಕೊಬ್ಬು ಸುಡುವ ಕೆಲಸ ಹಿಂದೆ ಬೀಳುತ್ತದೆ. ನಿಮ್ಮ ಟ್ರೈಗ್ಲಿಸರೈಡ್ 210 ಇದೆ. ನನ್ನ ಪ್ರಕಾರ ಕುಡಿತ ಪೂರ್ತಿ ನಿಲ್ಲಿಸಿ. ಸಿಗರೇಟಿನ ಬಗ್ಗೆ ನೀವು ಬರೆದಿಲ್ಲ. ಇದ್ದರೆ ಅದನ್ನೂ ಬಿಡಿ. ಸೇದಿದರೆ ಸಣ್ಣಗಾಗುತ್ತಾರೆ ಅನ್ನುವವರಿದ್ದಾರೆ. ತೂಕ ಸ್ವಲ್ಪ ಕಡಿಮೆ ಇರಬಹುದು, ಆದರೆ ಸೇದುವವರಲ್ಲಿ ಕೊಬ್ಬು ಹೊಟ್ಟೆಗೇ ಜಾಸ್ತಿ ಸೇರುತ್ತದೆ.

ಮಳೆಬಿಲ್ಲು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಓದುತ್ತಾ ಓದುತ್ತಾ ನನಗೆ ನೋವೂ ಆಯಿತು.

ನನಗೆ 51. ಮುಟ್ಟು ನಿಂತು ಎರಡು ವರ್ಷ. ಮೊದಲಿಂದಲೂ ನಡೆಯುತ್ತೇನೆ, ಕುಡಿಯಲ್ಲ, ಟೀಗೆ ಸಕ್ಕರೆ ಇಲ್ಲ. ಆದರೂ ಈ ಎರಡು ವರ್ಷದಲ್ಲಿ ಹೊಟ್ಟೆ ಬಂದಿದೆ. ಮನೆಗೆ ಬಂದವರೆಲ್ಲ "ಏನು, ಆರಾಮಾಗಿ ತಿಂದುಂಡು ಇದ್ದೀರಾ?" ಅನ್ನುತ್ತಾರೆ. ಹೊಟ್ಟೆ ನೋಡಿ ಮನುಷ್ಯರ ಶಿಸ್ತು ಅಳೆಯುವುದು ಸರಿಯಲ್ಲ. ಎಲ್ಲವೂ ಅಭ್ಯಾಸದಿಂದಲೇ ಅನ್ನುವ ಹಾಗೆ ಇಲ್ಲಿ ಮಾತಾಗುತ್ತಿದೆ. ಹಾಗಿಲ್ಲ.

ವಾರ್ಡ್ ಅಕ್ಕ

ನಿಮ್ಮ ಮಾತು ನೂರಕ್ಕೆ ನೂರು ಸರಿ ಅಕ್ಕ. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಕೊಬ್ಬು ಎಲ್ಲಿ ಸೇರಬೇಕು ಅನ್ನುವುದರಲ್ಲಿ ವಂಶದ ಪಾಲು ದೊಡ್ಡದು, ಹಾರ್ಮೋನಿನ ಪಾಲೂ ದೊಡ್ಡದು. ಜಾನ್ ವಾಗ್ ಅನ್ನುವ ಫ್ರೆಂಚ್ ವೈದ್ಯರು 1947ರಲ್ಲೇ ಬರೆದಿದ್ದರು. ಸೊಂಟ ತೊಡೆಗೆ ಸೇರುವ ಕೊಬ್ಬು ಬೇರೆ, ಮೈಯ ಮೇಲರ್ಧಕ್ಕೆ, ಹೊಟ್ಟೆಗೆ ಸೇರುವ ಕೊಬ್ಬು ಬೇರೆ, ಶುಗರ್ ಮತ್ತು ಹೃದಯದ ಕಾಯಿಲೆಯ ನಂಟು ಎರಡನೆಯದಕ್ಕೇ ಜಾಸ್ತಿ ಅಂತ. ಮುಟ್ಟು ನಿಲ್ಲುವವರೆಗೆ ಈಸ್ಟ್ರೊಜೆನ್ ಹಾರ್ಮೋನು ಇರುವುದರಿಂದ ಕೊಬ್ಬು ತೊಡೆ ಸೊಂಟದ ಕಡೆ ಹೋಗುತ್ತದೆ. ಅದು ಇಳಿದ ಮೇಲೆ ಹೊಟ್ಟೆಯ ಕಡೆ ತಿರುಗುತ್ತದೆ. ನೀವು ಏನೂ ತಪ್ಪು ಮಾಡಿಲ್ಲ. ಸ್ಟೀರಾಯ್ಡ್ ಮಾತ್ರೆ ತುಂಬಾ ದಿನ ತಗೊಂಡವರಿಗೂ ಹೊಟ್ಟೆ ಬರುತ್ತದೆ. ಕಾರ್ಟಿಸೋಲ್ ಹಾರ್ಮೋನು ಅತಿಯಾಗುವ ಕಾಯಿಲೆಯಲ್ಲೂ ಬರುತ್ತದೆ. ಅದಕ್ಕೇ ಹೊಟ್ಟೆ ದಿಢೀರನೆ ಬಂದರೆ, ಕೈಕಾಲು ಸೊರಗುತ್ತಾ ಹೊಟ್ಟೆ ಮಾತ್ರ ಬೆಳೆದರೆ, ಸುಮ್ನೆ ಕೂರದೆ ಡಾಕ್ಟರಿಗೆ ತೋರಿಸಿ.

ಆದರೆ ನಿಮ್ಮ ನಡಿಗೆ ವ್ಯರ್ಥ ಅಂದುಕೊಳ್ಳಬೇಡಿ. ಅದು ಇಲ್ಲದಿದ್ದರೆ ಇನ್ನೆಷ್ಟು ಆಗುತ್ತಿತ್ತೋ. ತೂಕ ಎತ್ತುವ ವ್ಯಾಯಾಮ ಸೇರಿಸಿ. ಈ ವಯಸ್ಸಿಗೆ ಮೂಳೆಗೂ ಅದು ಬೇಕು.

ಸಣಕಲು ಮನುಷ್ಯ

ನಾನು ನೋಡಲು ತೆಳ್ಳಗೆ. ತೂಕ 58. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. 39ಕ್ಕೆ ಡಯಾಬಿಟಿಸ್ ಬಂತು. ಯಾರೂ ನಂಬಲಿಲ್ಲ, ನಾನೂ ನಂಬಲಿಲ್ಲ.

ಆಗ ಡಾಕ್ಟರು ಒಂದು ಫೋಟೋ ತೋರಿಸಿದರು. ಯಾಜ್ಞಿಕ್ ಮತ್ತು ಯುಡ್ಕಿನ್ ಅನ್ನುವ ಇಬ್ಬರು ಸಂಶೋಧಕರು ಅಕ್ಕಪಕ್ಕ ನಿಂತಿದ್ದಾರೆ, ಒಬ್ಬರು ಭಾರತದವರು, ಒಬ್ಬರು ಬ್ರಿಟನ್ನಿನವರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಒಂದೇ, 22.3. ಆದರೆ ಮೈಯಲ್ಲಿರುವ ಕೊಬ್ಬು ಒಬ್ಬರಿಗೆ 9.1%, ಇನ್ನೊಬ್ಬರಿಗೆ 21.2%. ಕೊಬ್ಬು ಜಾಸ್ತಿ ಇದ್ದಿದ್ದು ಭಾರತದ ಯಾಜ್ಞಿಕ್ ಅವರಿಗೆ. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫೋಟೋ ಅದು. ತೆಳ್ಳಗಿರುವವರೇ, ದಯವಿಟ್ಟು ಒಂದು ಸಲ ಟೇಪು ಹಿಡಿಯಿರಿ.

ತರಬೇತಿ ಮನೆ

ಇಷ್ಟು ಬದಲಾಯಿಸಿದರೆ ನಿಜವಾಗಿ ಕಾಯಿಲೆ ತಪ್ಪುತ್ತಾ ಅಂತ ಒಬ್ಬರು ಮೆಸೇಜಿನಲ್ಲಿ ಕೇಳಿದ್ದಾರೆ. ಉತ್ತರ ಇಲ್ಲೇ ಹಾಕುತ್ತೇನೆ.

ಅಮೆರಿಕದಲ್ಲಿ ಡಯಾಬಿಟಿಸ್ ಗಡಿಯಲ್ಲಿದ್ದ, ತೂಕ ಜಾಸ್ತಿ ಇದ್ದ 3,234 ಜನರನ್ನು ಸುಮಾರು ಮೂರು ವರ್ಷ ಹಿಂಬಾಲಿಸಿದ ಅಧ್ಯಯನದ ಫಲ 2002ರಲ್ಲಿ ಬಂತು. ಒಂದು ಗುಂಪಿಗೆ ವಾರಕ್ಕೆ 150 ನಿಮಿಷ ನಡಿಗೆ, ತೂಕ 7% ಇಳಿಸುವ ಗುರಿ. ಇನ್ನೊಂದಕ್ಕೆ ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ. ಮತ್ತೊಂದಕ್ಕೆ ಔಷಧವೇ ಇಲ್ಲದ ಹುಸಿ ಮಾತ್ರೆ. ಹುಸಿ ಮಾತ್ರೆಯವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್ ಗುಂಪಿನಲ್ಲಿ ಡಯಾಬಿಟಿಸ್ 31% ಕಡಿಮೆ. ಅಭ್ಯಾಸ ಬದಲಿಸಿದವರಲ್ಲಿ 58% ಕಡಿಮೆ. ಅದರ ಹಿಂದಿನ ವರ್ಷ ಫಿನ್ಲೆಂಡಿನಲ್ಲಿ ಬೇರೆ ಜನರ ಮೇಲೆ ನಡೆದ ಅಧ್ಯಯನದಲ್ಲೂ ಬಂದಿದ್ದು ಅದೇ 58. ಮಾತ್ರೆ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ತಗೊಳ್ಳುತ್ತಿರುವವರು ಇದನ್ನು ಓದಿ ನಿಲ್ಲಿಸಬೇಡಿ.

ನಿಧಾನ ನಡಿಗೆ

ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಯಾರಾದರೂ ಇದ್ದೀರಾ?

ನಾನು ಮೂರೇ ಹಿಡಿದುಕೊಂಡೆ. ಟೀ ಎರಡು ಸಲ, ಸಕ್ಕರೆ ಇಲ್ಲ. ಮೊದಲ ವಾರ ಬಾಯಿಗೆ ಹಿಡಿಸಲೇ ಇಲ್ಲ, ನಾಲ್ಕನೇ ವಾರಕ್ಕೆ ಸಕ್ಕರೆ ಹಾಕಿದ ಟೀ ಕುಡಿಯಲು ಆಗಲಿಲ್ಲ. ರಾತ್ರಿ ಊಟ ಎಂಟೂವರೆಗೆ ಮುಗಿಸಿ ಅರ್ಧ ಗಂಟೆ ಬಿರುಸಾಗಿ ನಡೆಯುತ್ತೇನೆ. ವಾರಕ್ಕೆ ಎರಡು ಸಲ ತರಬೇತಿ ಮನೆ ಸರ್ ಹೇಳಿದ ವ್ಯಾಯಾಮ. ಕುಡಿತ ಮೊದಲ ತಿಂಗಳು ಬಿಡಲು ಆಗಲಿಲ್ಲ. ಆಮೇಲೆ ಗೆಳೆಯರಿಗೆ ರಿಪೋರ್ಟ್ ತೋರಿಸಿದೆ. ಅಂದಿನಿಂದ ಅವರೇ ನನಗೆ ಸುರಿಯುವುದು ನಿಲ್ಲಿಸಿದರು.

ನಿದ್ದೆ ಇನ್ನೂ ಆರು ಗಂಟೆ ದಾಟಿಲ್ಲ. ಅದು ನನಗೆ ಬಹಳ ಕಷ್ಟ ಆಗುತ್ತಿದೆ.

ತೂಕ 67. ಎರಡೇ ಕೆ.ಜಿ. ಇಳಿದಿದೆ. ಹೊಟ್ಟೆ 97ರಿಂದ 91. ಎಚ್‌ಬಿಎ1ಸಿ 5.8, ಟ್ರೈಗ್ಲಿಸರೈಡ್ 158, ಬಿಪಿ 126/82. ಡಾಕ್ಟರು ಎರಡು ಸಲ ಟೇಪು ಹಿಡಿದು ನೋಡಿದರು.

ಇನ್ನೊಂದು ಸಂಗತಿ. ದಾರ ಮಡಚಿ ಅಳೆಯುವುದನ್ನು ಹೆಂಡತಿಗೂ ತೋರಿಸಿದೆ. ಅವಳ ಎತ್ತರ 156, ಹೊಟ್ಟೆ 86. ಅವಳೂ ಈಗ ರಾತ್ರಿ ನನ್ನ ಜೊತೆ ನಡೆಯುತ್ತಾಳೆ.

ರಾತ್ರಿಪಾಳಿ

ಓದಿ ಕಣ್ಣು ತುಂಬಿತು ಅಣ್ಣ. ಮಲಗುವ ಹೊತ್ತನ್ನು ವಾರಕ್ಕೆ ಹದಿನೈದು ನಿಮಿಷದಂತೆ ಮುಂಚೆ ತನ್ನಿ. ಒಮ್ಮೆಲೇ ಬೇಡ.

ವಾರ್ಡ್ ಅಕ್ಕ

ತುಂಬಾ ಖುಷಿ ಆಯಿತು. ಹೆಂಡತಿಯವರಿಗೆ ಹೆರಿಗೆಗೆ ಮುಂಚೆ, ಬಸುರಿಯಾಗಿದ್ದಾಗ ಶುಗರ್ ಬಂದಿತ್ತಾ ಕೇಳಿ. ಹೆರಿಗೆ ಆದ ಮೇಲೆ ಅದು ಹೋಗಿಬಿಡುತ್ತದೆ, ಎಲ್ಲರೂ ಮರೆಯುತ್ತಾರೆ. ಆದರೆ ಹಾಗೆ ಬಂದವರಿಗೆ ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಕಡೆಯ ಸಲ ಅವರ ರಕ್ತ ಪರೀಕ್ಷೆ ಆಗಿದ್ದು ಯಾವಾಗ?

ನಿಧಾನ ನಡಿಗೆ

ಈಗಷ್ಟೇ ಕೇಳಿದೆ ಅಕ್ಕ. ಎರಡನೇ ಮಗಳ ಸಮಯದಲ್ಲಿ ಬಂದಿತ್ತಂತೆ. ನನಗೆ ನೆನಪೇ ಇರಲಿಲ್ಲ. ಮಗಳಿಗೆ ಈಗ ಒಂಬತ್ತು ವರ್ಷ, ಅಲ್ಲಿಂದ ಇಲ್ಲಿವರೆಗೆ ಒಂದು ಪರೀಕ್ಷೆಯೂ ಮಾಡಿಸಿಲ್ಲ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಕರೆದುಕೊಂಡು ಹೋಗುತ್ತೇನೆ.